ಹಿಮಬಿರುಗಾಳಿಯಲ್ಲಿ ಟ್ರೈನ್ ನಂಬಿಕೊಂಡವರು ಏನು ಮಾಡಬೇಕು? ಶಿಕಾಗೋಗೆ ಹೊಸದಾಗಿ ಬಂದವರಿಗೆ

ಜನವರಿ 2019ರ ಕೊನೆಯ ವಾರ. ಮೈಸೂರಿನಿಂದ ಅಮ್ಮ ಫೋನ್ ಮಾಡಿದ್ದರು. ದನಿಯಲ್ಲಿ ಗಾಬರಿ. ಯಾರೋ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದರಂತೆ.

“ನಿಮ್ಮೂರಲ್ಲಿ ರೈಲು ಹಳಿಗೆ ಬೆಂಕಿ ಬಿದ್ದಿದೆಯಲ್ಲೋ. ಅದರ ಮೇಲೇ ಟ್ರೈನ್ ಬರ್ತಾ ಇದೆ. ನೀನು ಇವತ್ತು ಹತ್ತಬೇಡ ಕಣೋ.”

“ಬೆಂಕಿ ಬಿದ್ದಿಲ್ಲಮ್ಮ. ರೈಲಿನವರೇ ಹಚ್ಚಿರೋದು.”

“ಹಳಿಗೆ ಯಾರಾದ್ರೂ ಬೆಂಕಿ ಹಚ್ತಾರೇನೋ?”

ಆ ವಾರ ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು. ನಮ್ಮ ಲೆಕ್ಕದಲ್ಲಿ ಮೈನಸ್ 30 ಸೆಲ್ಸಿಯಸ್‌ಗೂ ಕೆಳಗೆ. ಜನವರಿ 30ರಂದು ದೂರದ ಊರುಗಳಿಗೆ ಟ್ರೈನು ಓಡಿಸುವ ಆಮ್‌ಟ್ರಾಕ್‌ನವರು ಶಿಕಾಗೋಗೆ ಬರುವ, ಹೋಗುವ ಟ್ರೈನುಗಳನ್ನೆಲ್ಲ ರದ್ದು ಮಾಡಿದರು. ಅಂಥ ಚಳಿಯಲ್ಲಿ ಹಳಿಯ ಪಕ್ಕದಲ್ಲಿ ಬೆಂಕಿ ಉರಿಸುವುದು ಹುಚ್ಚಲ್ಲ, ಅದು ದಿನದ ಕೆಲಸ. ಯಾಕೆ ಉರಿಸುತ್ತಾರೆ ಅನ್ನುವುದು ಗೊತ್ತಾದರೆ ನಿಮ್ಮ ಟ್ರೈನ್ ಯಾಕೆ ನಿಂತಿದೆ, ಎಷ್ಟು ಹೊತ್ತು ನಿಲ್ಲಬಹುದು, ಕಾಯಬೇಕಾ, ಮನೆಗೆ ತಿರುಗಬೇಕಾ ಅನ್ನುವುದೂ ಅಂದಾಜಿಗೆ ಸಿಗುತ್ತದೆ.

ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆ ಮನೆ ಮಾಡಿಕೊಂಡು ಮೆಟ್ರಾ ಟ್ರೈನಿನಲ್ಲಿ ಡೌನ್‌ಟೌನಿಗೆ ಓಡಾಡುವ ನಮ್ಮವರು ಬಹಳ ಜನ ಇದ್ದೀರಿ. ಪ್ರತಿ ವರ್ಷ ಹೊಸಬರು ಬರುತ್ತಾರೆ. ಮೊದಲ ಹಿಮ ಬಿದ್ದ ದಿನ ಎಲ್ಲರೂ ಫೋಟೋ ತೆಗೆಯುತ್ತಾರೆ. ಮೊದಲ ಬಿರುಗಾಳಿಯ ದಿನ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಟ್ರೈನ್ ನಿಲ್ಲುವುದು ಯಾತಕ್ಕೆ ಅಂತ ತಿಳಿದುಕೊಳ್ಳಿ

ಹಿಮದ ರಾಶಿಯಲ್ಲಿ ಸಿಕ್ಕಿಕೊಂಡು ಟ್ರೈನ್ ನಿಲ್ಲುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಬೆಟ್ಟದ ಸೀಮೆಯಲ್ಲಿ ಅದು ನಿಜ. ಶಿಕಾಗೋ ಬಯಲು. ಇಲ್ಲಿ ಇಂಜಿನ್ನಿನ ಮುಂದಿರುವ ಕಬ್ಬಿಣದ ಫಲಕವೇ ಅಡಿಯಷ್ಟು ಹಿಮವನ್ನು ಅತ್ತಿತ್ತ ತಳ್ಳಿಕೊಂಡು ಹೋಗಿಬಿಡುತ್ತದೆ. ನಿಲ್ಲಿಸುವುದು ಬಹಳ ಚಿಕ್ಕ ವಸ್ತುಗಳು.

ಮೊದಲನೆಯದು ಪಾಯಿಂಟ್ಸ್. ಇಲ್ಲಿಯವರು ಸ್ವಿಚ್ ಅನ್ನುತ್ತಾರೆ. ಬೆಂಗಳೂರು ಸಿಟಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತವರು ನೋಡಿರುತ್ತೀರಿ. ಟ್ರೈನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ ಅದು. ಚೂರಿಯ ಹಾಗೆ ತುದಿ ಚೂಪಾದ ಒಂದು ಹಳಿ ಪಕ್ಕಕ್ಕೆ ಸರಿದು, ದಪ್ಪ ಹಳಿಗೆ ಬಿಗಿಯಾಗಿ ಅಂಟಿಕೊಳ್ಳಬೇಕು. ಅದು ಪೂರ್ತಿ ಅಂಟಿದೆ ಅಂತ ಖಾತ್ರಿಯಾಗುವವರೆಗೆ ಸಿಗ್ನಲ್ ಹಸಿರಾಗುವುದಿಲ್ಲ. ಅಂಟದೇ ಇದ್ದರೆ ಗಾಲಿ ಆ ಸಂದಿಗೆ ನುಗ್ಗಿ ಹಳಿ ತಪ್ಪುತ್ತದೆ. ಈಗ ಆ ಎರಡು ಹಳಿಗಳ ನಡುವೆ ಹಿಮ ಸೇರಿ, ಒತ್ತಿ, ಗಟ್ಟಿ ಮಂಜುಗಡ್ಡೆಯಾಗಿದೆ ಅಂದುಕೊಳ್ಳಿ. ಬೆರಳಿನ ದಪ್ಪದ ಗಡ್ಡೆ ಸಾಕು, ಸಿಗ್ನಲ್ ಕೆಂಪಗೇ ಇರುತ್ತದೆ. ಹಿಂದೆ ಬರುವ ಟ್ರೈನುಗಳೆಲ್ಲ ಸಾಲಾಗಿ ನಿಲ್ಲುತ್ತವೆ.

ಬೀಳುವ ಹಿಮ ಒಂದೇ ಅಲ್ಲ. ದೂರದಿಂದ ಬರುವ ಟ್ರೈನಿನ ಹೊಟ್ಟೆಯಡಿ ಹಿಮ ಗಟ್ಟಿಯಾಗಿ ಗೆಡ್ಡೆ ಗೆಡ್ಡೆಯಾಗಿ ನೇತಾಡುತ್ತಿರುತ್ತದೆ. ಪಾಯಿಂಟ್ಸ್ ದಾಟುವಾಗ ಕುಲುಕಿಗೆ ಅದು ಸರಿಯಾಗಿ ಅಲ್ಲೇ ಉದುರುತ್ತದೆ. ಹಿಮ ನಿಂತು ಬಿಸಿಲು ಬಂದ ಮೇಲೂ ಟ್ರೈನು ತಡವಾಗಲು ಇದು ಒಂದು ಕಾರಣ.

ಅಮ್ಮ ನೋಡಿದ ಬೆಂಕಿ ಇದಕ್ಕೇ. ಪಾಯಿಂಟ್ಸ್ ಪಕ್ಕದಲ್ಲಿ ಗ್ಯಾಸಿನ ಕೊಳವೆಗಳನ್ನು ಇಟ್ಟು ಉರಿಸುತ್ತಾರೆ. ಉರಿಯುವುದು ಗ್ಯಾಸು, ಹಳಿಯಲ್ಲ. ಬೇರೆ ಕಡೆ ವಿದ್ಯುತ್ ಸರಳುಗಳಿವೆ, ಬಿಸಿಗಾಳಿ ಊದುವ ಯಂತ್ರಗಳಿವೆ. ಡೌನ್‌ಟೌನಿನ ಪಶ್ಚಿಮಕ್ಕೆ, ವೆಸ್ಟರ್ನ್ ಅವೆನ್ಯೂ ಹತ್ತಿರ ಎ-2 ಅಂತ ಒಂದು ಜಂಕ್ಷನ್ ಇದೆ. ಮೆಟ್ರಾದ ಹಲವು ಮಾರ್ಗಗಳು ಅಲ್ಲಿ ಒಂದನ್ನೊಂದು ದಾಟುತ್ತವೆ. ಚಳಿಗಾಲದ ರಾತ್ರಿ ಅಲ್ಲಿ ಸಾಲು ಸಾಲು ನೀಲಿ, ಕಿತ್ತಳೆ ಜ್ವಾಲೆ. ದೂರದಿಂದ ನೋಡಿದರೆ ದೀಪೋತ್ಸವದ ಹಾಗೆ ಕಾಣುತ್ತದೆ. ಅಂಥ ಒಂದು ಜಾಗ ಕೆಟ್ಟರೆ ಐದಾರು ಊರಿನ ಜನ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಬೇಕು.

ಎರಡನೆಯದು ಹಳಿಯೇ ಕುಗ್ಗುವುದು. ಕಬ್ಬಿಣ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ ಅಂತ ಸ್ಕೂಲಲ್ಲಿ ಓದಿದ್ದೇವೆ. ಒಂದು ಕಿಲೋಮೀಟರ್ ಉದ್ದದ ಹಳಿಯನ್ನು ಬಿಡಿಯಾಗಿ ಬಿಟ್ಟರೆ, ಬಿಸಿ 50 ಡಿಗ್ರಿ ಸೆಲ್ಸಿಯಸ್ ಇಳಿದಾಗ ಅದು ಅರ್ಧ ಮೀಟರಿಗಿಂತ ಜಾಸ್ತಿ ಗಿಡ್ಡವಾಗುತ್ತದೆ. ಆದರೆ ಈಗಿನ ಹಳಿಗಳನ್ನು ಉದ್ದಕ್ಕೂ ಬೆಸುಗೆ ಹಾಕಿ, ಸ್ಲೀಪರಿಗೆ ಬಿಗಿದಿರುತ್ತಾರೆ. ಕುಗ್ಗಲು ಜಾಗವೇ ಇಲ್ಲ. ಎಳೆತ ಒಳಗೇ ತುಂಬಿಕೊಳ್ಳುತ್ತದೆ. ಕೊನೆಗೆ ಎಲ್ಲೋ ದುರ್ಬಲವಾದ ಕಡೆ ಬಿಟ್ಟುಕೊಳ್ಳುತ್ತದೆ ಅಥವಾ ಒಡೆಯುತ್ತದೆ. ಹಾಗೆ ಬಿಟ್ಟುಕೊಂಡ ಹಳಿಗೂ ಬೆಂಕಿಯೇ ಮದ್ದು. ಸೀಮೆಎಣ್ಣೆಯಲ್ಲಿ ಅದ್ದಿದ ಹಗ್ಗವನ್ನು ಹಳಿಯ ಉದ್ದಕ್ಕೆ ಹಾಸಿ ಹಚ್ಚುತ್ತಾರೆ. ಹಳಿ ಕಾದು ಹಿಗ್ಗಿ, ಎರಡು ತುದಿ ಮತ್ತೆ ಹತ್ತಿರ ಬಂದಾಗ ಬೋಲ್ಟ್ ಹಾಕುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ.

ಇನ್ನು ಚಿಕ್ಕಪುಟ್ಟವು ಹಲವು. ಬಾಗಿಲಿನ ಸಂದಿಗೆ ಹಿಮ ಸೇರಿ ಬಾಗಿಲು ತೆರೆಯುವುದಿಲ್ಲ. ರಸ್ತೆಗೆ ಹಾಕಿದ ಉಪ್ಪು ಕರಗಿ ಹಳಿಯ ಮೇಲೆ ಹರಿದು ಸಿಗ್ನಲ್ ವಿದ್ಯುತ್ತಿಗೆ ಅಡ್ಡ ಬರುತ್ತದೆ, ಕ್ರಾಸಿಂಗಿನ ಗೇಟು ಸುಮ್ನೆ ಕೆಳಗೇ ಕೂತಿರುತ್ತದೆ. ಬ್ರೇಕಿನ ಗಾಳಿ ಕೊಳವೆಗಳ ರಬ್ಬರ್ ಚಳಿಗೆ ಸೆಟೆದು ಗಾಳಿ ಸೋರುತ್ತದೆ. ಅದಕ್ಕೇ ಕಡು ಚಳಿಯಲ್ಲಿ ಗೂಡ್ಸ್ ಟ್ರೈನುಗಳನ್ನು ಗಿಡ್ಡ ಮಾಡಿ ಓಡಿಸುತ್ತಾರೆ. ಅಂದರೆ ಅದೇ ಸರಕಿಗೆ ಜಾಸ್ತಿ ಟ್ರೈನು, ಹಳಿಯ ಮೇಲೆ ಜಾಸ್ತಿ ನೂಕುನುಗ್ಗಲು. ಅಮೆರಿಕದ ರೈಲು ಸರಕಿನಲ್ಲಿ ಸುಮಾರು ಕಾಲು ಭಾಗ ಶಿಕಾಗೋ ಸುತ್ತಮುತ್ತ ಹಾದು ಹೋಗುತ್ತದೆ. ಮೆಟ್ರಾದ ಎಷ್ಟೋ ಮಾರ್ಗಗಳಲ್ಲಿ ಪ್ಯಾಸೆಂಜರ್, ಗೂಡ್ಸ್ ಎರಡೂ ಒಂದೇ ಹಳಿ ಹಂಚಿಕೊಳ್ಳುತ್ತವೆ. ಜೊತೆಗೆ ಟ್ರೈನ್ ಓಡಿಸುವ ಸಿಬ್ಬಂದಿ ಕಾನೂನಿನ ಪ್ರಕಾರ 12 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಹೊತ್ತು ಮೀರಿದರೆ ಗೂಡ್ಸ್ ಟ್ರೈನ್ ಇದ್ದಲ್ಲೇ ನಿಲ್ಲುತ್ತದೆ. ಹೊಸ ಸಿಬ್ಬಂದಿ ಹಿಮದ ರಸ್ತೆಯಲ್ಲಿ ವ್ಯಾನಿನಲ್ಲಿ ಬರಬೇಕು. ಒಳ್ಳೆಯ ಕಾನೂನು ಅದು. ಮೈನಸ್ 20ರಲ್ಲಿ ನಿದ್ದೆಗೆಟ್ಟವರು ಟ್ರೈನ್ ಓಡಿಸುವುದು ಯಾರಿಗೂ ಬೇಡ.

ಇದರಿಂದ ನಿಮಗೇನು ಉಪಯೋಗ ಅಂದರೆ, ಅನೌನ್ಸ್‌ಮೆಂಟ್ ಕೇಳಿಸಿಕೊಳ್ಳಿ. “ಸ್ವಿಚ್ ತೊಂದರೆ” ಅಂದರೆ ಅನೇಕ ಸಲ ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಸರಿಹೋಗುವುದನ್ನು ನಾನು ನೋಡಿದ್ದೇನೆ, ಕಾಯಬಹುದು. “ಹಳಿ ಒಡೆದಿದೆ” ಅಂದರೆ ಬೇರೆ ದಾರಿ ನೋಡಿ, ಇಲ್ಲ ಮನೆಗೆ ತಿರುಗಿ.

ಹೆಜ್ಜೆ 2: ಹವಾಮಾನದವರ ಮೂರು ಮಾತು ಕಲಿಯಿರಿ

ರಾಷ್ಟ್ರೀಯ ಹವಾಮಾನ ಸೇವೆಯವರು ಮೂರು ಪದ ಬಳಸುತ್ತಾರೆ. ವಾಚ್ ಅಂದರೆ ಬರಬಹುದು, ತಯಾರಾಗಿ. ವಾರ್ನಿಂಗ್ ಅಂದರೆ ಬರುತ್ತಿದೆ ಅಥವಾ ಬಂದೇಬಿಟ್ಟಿದೆ. ಅಡ್ವೈಸರಿ ಅಂದರೆ ತೊಂದರೆ ಆಗುತ್ತದೆ, ಆದರೆ ಅಷ್ಟು ಘೋರ ಅಲ್ಲ. ಅಂಗಡಿಗೆ ಹೋಗಬೇಕಾದದ್ದು ವಾಚ್ ಬಂದಾಗ. ವಾರ್ನಿಂಗ್ ಬಂದ ಮೇಲೆ ಹೋದರೆ ಹಾಲು, ಬ್ರೆಡ್ಡು, ಉಪ್ಪು ಮೂರೂ ಖಾಲಿ.

ಬ್ಲಿಝರ್ಡ್ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಗಂಟೆಗೆ 35 ಮೈಲಿ (ಸುಮಾರು 56 ಕಿ.ಮೀ.) ಅಥವಾ ಹೆಚ್ಚಿನ ಗಾಳಿ, ಕಾಲು ಮೈಲಿಗಿಂತ ದೂರ ಏನೂ ಕಾಣದಂಥ ಹಿಮ, ಇದು ಮೂರು ಗಂಟೆಯಾದರೂ ಬಿಡದೆ ಇರಬೇಕು. ಎಷ್ಟು ಇಂಚು ಬಿತ್ತು ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನೆಲದ ಮೇಲಿನ ಹಳೇ ಹಿಮವನ್ನೇ ಗಾಳಿ ಎಬ್ಬಿಸಿದರೂ ಬ್ಲಿಝರ್ಡೇ. ಹಾಗಾಗಿ ಫೋನಿನಲ್ಲಿ ಇಂಚು ನೋಡಿ ಸಮಾಧಾನ ಪಡಬೇಡಿ, ಗಾಳಿ ನೋಡಿ.

ಶಿಕಾಗೋದ ಅತಿ ದೊಡ್ಡ ಹಿಮಪಾತ 1967ರ ಜನವರಿ 26, 27ರದು. 23 ಇಂಚು, ಅಂದರೆ 58 ಸೆಂಟಿಮೀಟರ್. ಅದಕ್ಕೆ ಎರಡು ದಿನ ಮೊದಲು ಊರಿನಲ್ಲಿ 65 ಫ್ಯಾರನ್‌ಹೀಟ್, ನಮ್ಮ ಮೈಸೂರಿನ ಡಿಸೆಂಬರ್ ಬೆಳಗಿನಷ್ಟು ಹಿತವಾದ ಹವೆ. ಆಮೇಲೆ ಸುಮಾರು 50,000 ಕಾರುಗಳನ್ನು, 800 ಬಸ್ಸುಗಳನ್ನು ರಸ್ತೆಯಲ್ಲೇ ಬಿಟ್ಟು ಜನ ನಡೆದರು. ನಿನ್ನೆ ಬೆಚ್ಚಗಿತ್ತು ಅನ್ನುವುದು ಇಲ್ಲಿ ಯಾವುದಕ್ಕೂ ಆಧಾರ ಅಲ್ಲ.

ಹೆಜ್ಜೆ 3: ಹಿಂದಿನ ರಾತ್ರಿಯೇ ತೀರ್ಮಾನ ಮಾಡಿ, ವಾಪಸ್ ಬರುವ ಟ್ರೈನಿನ ಲೆಕ್ಕದಲ್ಲಿ

ಈ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

2011ರ ಫೆಬ್ರವರಿ 1, ಮಂಗಳವಾರ. ಬೆಳಗ್ಗೆ ಎಲ್ಲ ಚೆನ್ನಾಗೇ ಇತ್ತು. ಜನ ಎಂದಿನಂತೆ ಕೆಲಸಕ್ಕೆ ಹೋದರು. ಮಧ್ಯಾಹ್ನ ಶುರುವಾದ ಹಿಮ ಸಂಜೆಗೆ ಬಿರುಗಾಳಿಯಾಯಿತು. ಮಿಶಿಗನ್ ಸರೋವರದ ದಂಡೆಯ ಲೇಕ್ ಶೋರ್ ಡ್ರೈವ್‌ನಲ್ಲಿ ಮನೆಗೆ ಹೊರಟ ಸುಮಾರು 900 ವಾಹನಗಳು ಸಿಕ್ಕಿಬಿದ್ದವು. ಕೆಲವರು ಹನ್ನೆರಡು ಗಂಟೆಯವರೆಗೆ ಕಾರಿನಲ್ಲೇ ಕೂತಿದ್ದರು. ಆ ಬಿರುಗಾಳಿಯಲ್ಲಿ ಒಟ್ಟು 21.2 ಇಂಚು ಬಿತ್ತು. ಬೆಳಗ್ಗೆ ಹೋಗುವಾಗ ಅವರಲ್ಲಿ ಒಬ್ಬರಿಗೂ ತೊಂದರೆ ಆಗಿರಲಿಲ್ಲ. ತೊಂದರೆ ಇದ್ದದ್ದು ವಾಪಸ್ ಬರುವುದರಲ್ಲಿ.

ನಾನು ಬಂದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ಬೆಳಗಿನ ಟ್ರೈನ್ ಸರಿಯಾದ ಹೊತ್ತಿಗೆ ಬಂತು, ಹತ್ತಿದೆ. ಸಂಜೆ ಐದಕ್ಕೆ ಸ್ಟೇಷನ್ನಿಗೆ ಬಂದರೆ ಬೋರ್ಡಿನ ಮೇಲೆ ಒಂದಾದ ಮೇಲೊಂದು ಟ್ರೈನು ತಡ ಅಂತ ಬರುತ್ತಿತ್ತು. ಮನೆ ಮುಟ್ಟಿದಾಗ ರಾತ್ರಿ ಹನ್ನೊಂದೂವರೆ. ಮಗಳು ಡೇಕೇರಿನಲ್ಲಿದ್ದಳು. ಹೆಂಡತಿಯ ಕಾರು ಹಿಮದಲ್ಲಿ ಹೂತಿತ್ತು. ಪಕ್ಕದ ಬೀದಿಯ ತುಮಕೂರಿನವರೊಬ್ಬರು ನಡೆದುಕೊಂಡು ಹೋಗಿ ಮಗುವನ್ನು ತಮ್ಮ ಕೋಟಿನೊಳಗೆ ಸುತ್ತಿಕೊಂಡು ಕರೆತಂದಿದ್ದರು. ಆ ಉಪಕಾರ ನಾನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಹಿಂದಿನ ರಾತ್ರಿ ಕೂತು ಇಷ್ಟು ನೋಡಿ. ನಾಳೆ ಸಂಜೆ ನಾಲ್ಕರಿಂದ ಏಳರವರೆಗೆ ಗಾಳಿ, ಹಿಮ ಹೇಗಿದೆ? ಮೆಟ್ರಾದವರು ಕಡಿಮೆ ಟ್ರೈನುಗಳ ಬೇರೆ ವೇಳಾಪಟ್ಟಿ ಹಾಕಿದ್ದಾರಾ? ಹಾಕಿದ್ದರೆ ನಿಮ್ಮ ಸ್ಟೇಷನ್ನಿನಲ್ಲಿ ನಿಲ್ಲುವ ಕೊನೆಯ ಮೂರು ಟ್ರೈನುಗಳ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಫೋನ್ ಚಳಿಗೆ ಸಾಯುತ್ತದೆ, ಚೀಟಿ ಸಾಯುವುದಿಲ್ಲ. ಮಗುವನ್ನು ತರಲು ನಿಮ್ಮ ಬದಲು ಹೋಗಬಲ್ಲವರು, ನಡೆದು ಹೋಗುವಷ್ಟು ಹತ್ತಿರ ಇರುವವರು ಯಾರು? ಅವರ ಹೆಸರನ್ನು ಡೇಕೇರಿನ ಪಟ್ಟಿಯಲ್ಲಿ ಮೊದಲೇ ಸೇರಿಸಿ. ಹೆಸರಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ.

ಮನೆಯಿಂದಲೇ ಕೆಲಸ ಮಾಡುವ ಅವಕಾಶ ಇದ್ದರೆ ಬಾಯಿಬಿಟ್ಟು ಕೇಳಿ. ಹೊಸಬರು, ಅದರಲ್ಲೂ ವೀಸಾ ಮೇಲೆ ಇರುವವರು, ಕೇಳಲು ಹಿಂಜರಿಯುತ್ತಾರೆ. ನನಗೆ ಅದು ಅರ್ಥವಾಗುತ್ತದೆ. ಆದರೆ ಬಿರುಗಾಳಿಯ ದಿನ ಮನೆಯಲ್ಲಿರುತ್ತೇನೆ ಅಂದವರನ್ನು ಇಲ್ಲಿ ಸಾಮಾನ್ಯವಾಗಿ ಯಾರೂ ಸೋಮಾರಿ ಅನ್ನುವುದಿಲ್ಲ. ಹೋಗಲೇಬೇಕು ಅಂದರೆ ಮಧ್ಯಾಹ್ನ ಎರಡಕ್ಕೇ ಹೊರಡುತ್ತೇನೆ ಅಂತ ಬೆಳಗ್ಗೆಯೇ ಹೇಳಿಬಿಡಿ.

ಹೆಜ್ಜೆ 4: ಬಟ್ಟೆ ಹಾಕಿಕೊಳ್ಳುವುದು ಟ್ರೈನಿಗಲ್ಲ, ಪ್ಲಾಟ್‌ಫಾರ್ಮಿಗೆ

ಟ್ರೈನಿನೊಳಗೆ ಬೆಚ್ಚಗಿರುತ್ತದೆ, ಆಫೀಸಿನೊಳಗೂ ಬೆಚ್ಚಗಿರುತ್ತದೆ. ಆದರೆ ನೀವು ಬಟ್ಟೆ ಹಾಕಬೇಕಾದದ್ದು ಬಾರದ ಟ್ರೈನಿಗೆ ನಲವತ್ತು ನಿಮಿಷ ಕಾಯುವ ಲೆಕ್ಕದಲ್ಲಿ. ಸೊನ್ನೆ ಫ್ಯಾರನ್‌ಹೀಟ್ ಚಳಿಗೆ ಗಂಟೆಗೆ 15 ಮೈಲಿಯ ಗಾಳಿ ಸೇರಿದರೆ ಮೈಗೆ ಅದು ಮೈನಸ್ 19ರ ಹಾಗೆ ತಟ್ಟುತ್ತದೆ. ಅಂಥದ್ದರಲ್ಲಿ ಬರಿ ಚರ್ಮ ಅರ್ಧ ಗಂಟೆಗೆ ಹೆಪ್ಪುಗಟ್ಟುತ್ತದೆ. ಮೊದಲು ಹೋಗುವುದು ಕಿವಿ, ಮೂಗು, ಬೆರಳ ತುದಿ. ಬೆಳ್ಳಗಾಗಿ ಮರಗಟ್ಟಿದರೆ ಉಜ್ಜಬೇಡಿ. ಒಳಗೆ ಹೋಗಿ ಉಗುರುಬೆಚ್ಚಗಿನ ನೀರಲ್ಲಿ ಇಡಿ. ಸ್ಪರ್ಶ ಮರಳದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಮೈಗೆ ಅಂಟುವ ಥರ್ಮಲ್, ಮೇಲೆ ಉಣ್ಣೆಯ ಸ್ವೆಟರ್, ಅದರ ಮೇಲೆ ಗಾಳಿ ತೂರದ ಉದ್ದ ಜಾಕೆಟ್. ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹೀರಿಕೊಂಡು ತಣ್ಣಗೆ ಕೂರುತ್ತದೆ. ಬೆರಳು ಬಿಡಿಬಿಡಿಯಾಗಿರುವ ಗ್ಲೌಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಮಿಟನ್ಸ್ ಬೆಚ್ಚಗೆ. ಬೂಟು ಒಂದು ಸೈಜು ದೊಡ್ಡದಿರಲಿ. ಬಿಗಿ ಬೂಟಿಗೆ ಎರಡು ಕಾಲುಚೀಲ ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಊರಿನಿಂದ ತಂದ ಮಂಕಿ ಕ್ಯಾಪ್ ಇದೆಯಾ? ನಾಚಿಕೆ ಪಡಬೇಡಿ, ಹಾಕಿಕೊಳ್ಳಿ. ಮುಖ ಮುಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ.

ಬ್ಯಾಗಿನಲ್ಲಿ ಪವರ್ ಬ್ಯಾಂಕ್, ಒಂದು ಜೊತೆ ಒಣ ಕಾಲುಚೀಲ, ಒಂದು ದಿನದ ಮಾತ್ರೆ, ನೀರು, ಚಿಕ್ಕ ಟಾರ್ಚು. ತಿನ್ನಲು ಹುರಿಗಡಲೆ, ಕಡಲೆಕಾಯಿ ಚಿಕ್ಕಿ. ಸಣ್ಣ ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ. ಫೋನನ್ನು ಬ್ಯಾಗಿನಲ್ಲಿಡದೆ ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಮೈ ಬಿಸಿಗೆ ಬ್ಯಾಟರಿ ಉಳಿಯುತ್ತದೆ.

ಹೆಜ್ಜೆ 5: ಸ್ಟೇಷನ್ನಿನಲ್ಲಿ

ಟ್ರೈನ್ ಎಲ್ಲಿದೆ ಅಂತ ಆ್ಯಪಿನಲ್ಲಿ ನೋಡಿ, ಅದು ಎರಡು ಸ್ಟೇಷನ್ ದೂರ ಇದ್ದಾಗ ಹೊರಗೆ ಬನ್ನಿ. ಅಲ್ಲಿಯವರೆಗೆ ವೇಟಿಂಗ್ ರೂಮೋ, ಕಾಫಿ ಅಂಗಡಿಯೋ, ಕಾರೋ. ಪ್ಲಾಟ್‌ಫಾರ್ಮ್ ಅಂಚಿನ ಹಳದಿ ಪಟ್ಟಿ ಹಿಮದಲ್ಲಿ ಮುಚ್ಚಿಹೋಗಿರುತ್ತದೆ, ಅಂಚು ಎಲ್ಲಿದೆ ಅನ್ನುವುದೇ ಕಾಣುವುದಿಲ್ಲ. ಗೋಡೆ ಕಡೆಗೆ ನಿಲ್ಲಿ. ವೇಗವಾಗಿ ಹೋಗುವ ಟ್ರೈನು ಹಿಮವನ್ನೂ ಗಡ್ಡೆಗಳನ್ನೂ ಎಬ್ಬಿಸಿ ಎಸೆಯುತ್ತದೆ.

ಊರೊಳಗಿನ ಸಿಟಿಎ ಟ್ರೈನಿನಲ್ಲಿ, ಅಂದರೆ ಎಲ್ಲರೂ “ಎಲ್” ಅನ್ನುವುದರಲ್ಲಿ, ಕೆಲವು ಪ್ಲಾಟ್‌ಫಾರ್ಮುಗಳ ಚಾವಣಿಯಲ್ಲಿ ಕಾಯಿಸುವ ದೀಪಗಳಿವೆ. ಗುಂಡಿ ಒತ್ತಿದರೆ ಹತ್ತುತ್ತವೆ. ಅದರ ಕೆಳಗೆ ಗುಂಪಾಗಿ ನಿಲ್ಲುವುದು ಇಲ್ಲಿಯ ರೂಢಿ, ನೀವೂ ಸೇರಿಕೊಳ್ಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. “ಎಲ್”ಗೆ ವಿದ್ಯುತ್ ಬರುವುದು ಹಳಿಯ ಪಕ್ಕದ ಮೂರನೇ ಹಳಿಯಿಂದ, 600 ವೋಲ್ಟ್. ಅದರ ಮೇಲೆ ಮಂಜು ಕೂತಾಗ ಟ್ರೈನಿನಡಿ ನೀಲಿ ಕಿಡಿ ಹಾರುತ್ತದೆ. ಅದಕ್ಕೆ ಹೆದರಬೇಡಿ. ಹೆದರಬೇಕಾದದ್ದು ಆ ಹಳಿಗೆ. ಕೆಳಗೆ ಬಿದ್ದದ್ದು ಗ್ಲೌಸ್ ಆಗಲಿ, ಹೊಸ ಐಫೋನ್ ಆಗಲಿ, ಇಳಿದು ತೆಗೆಯಬೇಡಿ. ಸಿಬ್ಬಂದಿಗೆ ಹೇಳಿ.

ಹೆಜ್ಜೆ 6: ಟ್ರೈನ್ ನಡುದಾರಿಯಲ್ಲಿ ನಿಂತರೆ

ಇಳಿಯಬೇಡಿ. ದೂರದಲ್ಲಿ ಅಂಗಡಿಯ ದೀಪ ಕಾಣುತ್ತಿದ್ದರೂ, ಪಕ್ಕದವರು ಇಳಿಯುತ್ತೇನೆ ಅಂದರೂ ಇಳಿಯಬೇಡಿ. ಪಕ್ಕದ ಹಳಿಯಲ್ಲಿ ಟ್ರೈನು ಬರುತ್ತಿರಬಹುದು. ಹಿಮದಡಿ ಚರಂಡಿ ಇದೆಯೋ, ಪಾಯಿಂಟ್ಸ್ ಇದೆಯೋ ಗೊತ್ತಾಗುವುದಿಲ್ಲ.

1952ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ, ಡಾನರ್ ಕಣಿವೆಯ ಪಶ್ಚಿಮಕ್ಕೆ, ‘ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ’ ಅನ್ನುವ ಟ್ರೈನ್ ಹಿಮದಲ್ಲಿ ಹೂತುಹೋಯಿತು. ಒಳಗೆ 226 ಜನ. ಮೂರು ದಿನ. ಇಂಧನ ಮುಗಿದು ಬೆಚ್ಚನೆ ಹೋಯಿತು, ದೀಪ ಹೋಯಿತು. ಜನ ಒತ್ತೊತ್ತಾಗಿ ಕೂತು, ಇದ್ದದ್ದನ್ನು ಹಂಚಿಕೊಂಡು ತಿಂದು ಕಳೆದರು. 16ರಂದು ರಸ್ತೆ ಬಿಡಿಸಿದ ಮೇಲೆ ಅವರನ್ನು ಇಳಿಸಿ ಕಾರುಗಳಿಗೆ ಹತ್ತಿಸಿದರು. ಪ್ರಯಾಣಿಕರೆಲ್ಲ ಬದುಕಿ ಬಂದರು. ಅವರನ್ನು ಬಿಡಿಸಲು ಹೋದ ಹಿಮ ತೆಗೆಯುವ ಇಂಜಿನ್ನಿನ ಚಾಲಕರೊಬ್ಬರು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಆ ಕತೆ ಹೇಳುವಾಗ ಜನ ಪ್ರಯಾಣಿಕರನ್ನು ನೆನೆಯುತ್ತಾರೆ. ನನಗೆ ಆ ಚಾಲಕನೇ ನೆನಪಾಗುತ್ತಾನೆ.

ನಿಮ್ಮ ಟ್ರೈನ್ ಮೂರು ದಿನ ನಿಲ್ಲುವುದಿಲ್ಲ. ಒಂದೆರಡು ಗಂಟೆ ನಿಲ್ಲಬಹುದು. ಕೋಟು ತೆಗೆದಿದ್ದರೆ ಹಾಕಿಕೊಳ್ಳಿ, ಬೆಚ್ಚಗಿರುವಾಗಲೇ. ಫೋನಿನ ಬೆಳಕು ಕಡಿಮೆ ಮಾಡಿ, ಮನೆಗೆ ಒಂದು ಮೆಸೇಜ್ ಕಳಿಸಿ ಸುಮ್ಮನಿರಿ. ಅಕ್ಕಪಕ್ಕ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇದ್ದಾರಾ ಕೇಳಿ. ನಿಮ್ಮ ಚಿಕ್ಕಿ ಅವರಿಗೆ ಬೇಕಾಗಬಹುದು. ಕಂಡಕ್ಟರ್ ಮೇಲೆ ಕೂಗಾಡಬೇಡಿ. ಅವರೂ ಬೆಳಗಿನ ಜಾವ ಮನೆ ಬಿಟ್ಟವರು.

ಹೆಜ್ಜೆ 7: ಮನೆ

ಸ್ಟೇಷನ್ನಿನಲ್ಲಿ ಬಿಟ್ಟ ಕಾರು ಹಿಮದ ಗುಡ್ಡೆಯಾಗಿರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಹಿಂದೆ ಹೋಗಿ ಹೊಗೆಕೊಳವೆಯ ಬಾಯಿ ಬಿಡಿಸಿ. ಅದು ಮುಚ್ಚಿದ್ದರೆ ವಿಷದ ಹೊಗೆ ಒಳಗೆ ತುಂಬುತ್ತದೆ, ವಾಸನೆಯೂ ಬರುವುದಿಲ್ಲ. ಶಿಕಾಗೋ ಊರೊಳಗೆ ಇರುವವರಿಗೆ ಇನ್ನೊಂದು ಮಾತು. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ 107 ಮೈಲಿಯಷ್ಟು ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ ಮೂರರಿಂದ ಏಳರವರೆಗೆ ಕಾರು ನಿಲ್ಲಿಸುವಂತಿಲ್ಲ, ಹಿಮ ಬಿದ್ದಿರಲಿ ಬಿಡಲಿ. ಎಳೆದುಕೊಂಡು ಹೋಗುತ್ತಾರೆ. ರಸ್ತೆ ಬದಿಯ ಬೋರ್ಡು ಓದಿ.

ಫರ್ನೇಸಿನ, ಅಂದರೆ ಮನೆ ಕಾಯಿಸುವ ಯಂತ್ರದ, ಕೊಳವೆಯನ್ನು ತುಂಬಾ ಜನ ಮರೆಯುತ್ತಾರೆ. ಹೊಸ ಮನೆಗಳಲ್ಲಿ ಪಕ್ಕದ ಗೋಡೆಯಿಂದ ಬಿಳಿ ಪ್ಲಾಸ್ಟಿಕ್ ಕೊಳವೆಗಳು ಹೊರಗೆ ಬಂದಿರುತ್ತವೆ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ. ಗಾಳಿ ಹಿಮವನ್ನು ತಂದು ಆ ಗೋಡೆಗೇ ಒಟ್ಟುತ್ತದೆ. ಕೊಳವೆ ಮುಚ್ಚಿದರೆ ಫರ್ನೇಸ್ ನಿಲ್ಲುತ್ತದೆ, ಕೆಲವೊಮ್ಮೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಈ ವಾರವೇ ಹೊರಗೆ ಹೋಗಿ ನಿಮ್ಮ ಕೊಳವೆ ಎಲ್ಲಿದೆ ನೋಡಿಟ್ಟುಕೊಳ್ಳಿ. ಬಿರುಗಾಳಿಯಲ್ಲಿ ಹುಡುಕುವುದು ಕಷ್ಟ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮಿನ ಬ್ಯಾಟರಿ ಬದಲಿಸಿ.

ಕಡು ಚಳಿಯ ರಾತ್ರಿ ಹೊರಗೋಡೆ ಕಡೆಯ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಪೈಪು ಒಡೆದರೆ ಬರುವ ಖರ್ಚಿನ ಮುಂದೆ ಆ ನೀರು ಏನೂ ಅಲ್ಲ.

ಕರೆಂಟ್ ಹೋದರೆ ಗ್ಯಾಸ್ ಒಲೆಯಿಂದ ಮನೆ ಕಾಯಿಸಬೇಡಿ, ಇದ್ದಿಲಿನ ಗ್ರಿಲ್ಲನ್ನು ಒಳಗೆ ತರಲೇಬೇಡಿ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ, ಬಾಗಿಲ ಸಂದಿಗೆ ಟವೆಲ್ ಇಡಿ. ನಮ್ಮ ಮನೆಯಲ್ಲಿ ಇಂಥ ದಿನಕ್ಕೆಂದೇ ಗೊಜ್ಜವಲಕ್ಕಿ ಪುಡಿ ಮಾಡಿಟ್ಟಿರುತ್ತೇವೆ. ಹುಣಸೆ, ಬೆಲ್ಲ, ಸಾರಿನ ಪುಡಿ ಎಲ್ಲ ಸೇರಿಸಿದ್ದು. ತರಿ ಮಾಡಿದ ಅವಲಕ್ಕಿಗೆ ಅದನ್ನು ಬೆರೆಸಿ ತಣ್ಣೀರು ಚಿಮುಕಿಸಿದರೆ ಇಪ್ಪತ್ತು ನಿಮಿಷದಲ್ಲಿ ಊಟ. ಒಲೆಯೇ ಬೇಡ.

ಹಿಮ ತೆಗೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒದ್ದೆ ಹಿಮ ತುಂಬಿದ ಸಲಿಕೆ ಸಿಮೆಂಟ್ ಎತ್ತಿದ ಹಾಗೆ. ಚಳಿಗೆ ರಕ್ತನಾಳ ಬಿಗಿದಿರುವಾಗ ಏಕಾಏಕಿ ಆ ಭಾರ ಎತ್ತಿ ಹೃದಯಾಘಾತವಾದವರು ಇಲ್ಲಿ ಪ್ರತಿ ವರ್ಷ ಇರುತ್ತಾರೆ. ಎತ್ತುವುದಕ್ಕಿಂತ ತಳ್ಳಿ. ಎರಡೆರಡು ಇಂಚು ಬಿದ್ದ ಹಾಗೇ ತೆಗೆಯುತ್ತಿರಿ, ಒಂದಡಿ ಆಗಲಿ ಅಂತ ಕಾಯಬೇಡಿ. ಊರಿಂದ ಬಂದಿರುವ ಅಪ್ಪನೋ ಮಾವನೋ “ಕೊಡು ಇಲ್ಲಿ, ನಾನು ತೆಗೀತೀನಿ” ಅಂತ ಉತ್ಸಾಹದಿಂದ ಬಂದರೆ ಸಲಿಕೆ ಕೊಡಬೇಡಿ. ಒಳಗೆ ಕಾಫಿ ಮಾಡಿ ಅನ್ನಿ. ಉಪ್ಪಿನ ವಿಷಯ: ಮಾಮೂಲಿ ಕಲ್ಲುಪ್ಪು ಮೈನಸ್ 10 ಸೆಲ್ಸಿಯಸ್ ಆಸುಪಾಸಿನಿಂದ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಅಂಥ ದಿನಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ಬೇರೆ ತಂದಿಡಿ.

ಹೆಜ್ಜೆ 8: ಮರುದಿನ

ಆಕಾಶ ನೀಲಿಯಾಗಿರುತ್ತದೆ, ಕಣ್ಣು ಕುಕ್ಕುವ ಬಿಸಿಲು. ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಹಾಗಿರುವುದಿಲ್ಲ. ಹಿಮದ ಹಿಂದೆಯೇ ಚಳಿ ಬರುತ್ತದೆ. ಇಂಜಿನ್, ಡಬ್ಬಿ ಯಾವ್ಯಾವುದೋ ಸ್ಟೇಷನ್ನಿನಲ್ಲಿ ಉಳಿದುಬಿಟ್ಟಿರುತ್ತವೆ, ಅವು ತಮ್ಮ ಜಾಗಕ್ಕೆ ಬರಬೇಕು. 1979ರ ಜನವರಿಯಲ್ಲಿ 20 ಇಂಚು ಬಿದ್ದ ಮೇಲೆ ಶಿಕಾಗೋ ಸುಧಾರಿಸಿಕೊಳ್ಳಲು ವಾರಗಳೇ ಹಿಡಿದವು. ಓಡಿದ “ಎಲ್” ಟ್ರೈನುಗಳೂ ಬಡ, ಕಪ್ಪು ಜನರ ಬಡಾವಣೆಗಳ ಕೆಲವು ಸ್ಟೇಷನ್ನುಗಳಲ್ಲಿ ನಿಲ್ಲದೆ ಹೋದವು. ಆ ಸಿಟ್ಟು ಹೋಗಲಿಲ್ಲ. ಫೆಬ್ರವರಿಯಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ ಮೇಯರ್ ಮೈಕಲ್ ಬಿಲಾಂಡಿಕ್ ಸೋತರು, ಜೇನ್ ಬರ್ನ್ ಗೆದ್ದರು. ಇಲ್ಲಿ ಹಿಮ ತೆಗೆಯುವುದು ಅಷ್ಟು ದೊಡ್ಡ ಸಂಗತಿ. ನಿಮ್ಮ ಬೀದಿಯಲ್ಲಿ ತೆಗೆದಿಲ್ಲ ಅಂದರೆ ಶಿಕಾಗೋ ನಗರಾಡಳಿತದ 311 ನಂಬರಿಗೆ ಫೋನ್ ಮಾಡಿ ಹೇಳಿ, ಅದು ನಿಮ್ಮ ಹಕ್ಕು.

ಮರುದಿನ ಹೋಗುವುದಾದರೆ ಅರ್ಧ ಗಂಟೆ ಮುಂಚೆ ಹೊರಡಿ. ನಮ್ಮ ಸ್ಟೇಷನ್ನಿನ ಪಕ್ಕದ ಕ್ರಾಸಿಂಗಿನಲ್ಲಿ ಬೆಳಗಿನ ಐದೂವರೆಗೆ ನಾನು ಅನೇಕ ಸಲ ನೋಡಿದ್ದೇನೆ. ಕಿತ್ತಳೆ ಅಂಗಿ ತೊಟ್ಟ ಇಬ್ಬರು ಪಾಯಿಂಟ್ಸ್ ಹತ್ತಿರ ಬಗ್ಗಿರುತ್ತಾರೆ. ಒಬ್ಬರ ಕೈಯಲ್ಲಿ ಪೊರಕೆ. ಹೌದು, ಪೊರಕೆಯೇ. ಸಂದಿಯಿಂದ ಹಿಮ ಗುಡಿಸುತ್ತಾರೆ, ಗಟ್ಟಿಯಾದದ್ದನ್ನು ಕಬ್ಬಿಣದ ಸರಳಿನಿಂದ ಕುಟ್ಟುತ್ತಾರೆ, ಮತ್ತೆ ಗುಡಿಸುತ್ತಾರೆ. ಇನ್ನೊಬ್ಬರು ಕೆಲಸ ಮಾಡುವುದಿಲ್ಲ, ಸುಮ್ನೆ ನಿಂತು ಹಳಿಯ ಎರಡೂ ಕಡೆ ನೋಡುತ್ತಿರುತ್ತಾರೆ. ಅವರ ಕೆಲಸವೇ ಅದು, ಟ್ರೈನ್ ಬಂದರೆ ಕೂಗಿ ಹೇಳುವುದು. ಯಾಕೆಂದರೆ ಹಿಮ ಸದ್ದನ್ನು ನುಂಗುತ್ತದೆ. ಬಗ್ಗಿ ಕೆಲಸ ಮಾಡುವವರಿಗೆ, ಅದೂ ಕಿವಿ ಮುಚ್ಚಿಕೊಂಡವರಿಗೆ, ಟ್ರೈನು ತೀರಾ ಹತ್ತಿರ ಬರುವವರೆಗೆ ಕೇಳಿಸುವುದಿಲ್ಲ.

ನಿಮಗೂ ಕೇಳಿಸುವುದಿಲ್ಲ. ಗೇಟು ಎತ್ತಿದ್ದರೂ ಕ್ರಾಸಿಂಗಿನಲ್ಲಿ ನಿಲ್ಲಿ. ಕಿವಿಯಿಂದ ಇಯರ್‌ಫೋನ್ ತೆಗೆಯಿರಿ, ಜಾಕೆಟ್ಟಿನ ಟೋಪಿಯನ್ನು ಹಿಂದಕ್ಕೆ ಸರಿಸಿ. ಒಂದು ಟ್ರೈನ್ ಹೋದ ಮೇಲೆ ಅದರ ಮರೆಯಲ್ಲಿ ಎರಡನೆಯದು ಬರುತ್ತಿದೆಯಾ ನೋಡಿ. ಆಮೇಲೆ ದಾಟಿ.